ಕಲಾಯಿ

ಅಜ್ಜ ದೆಹಲಿಗೆ ಬಂದದ್ದು ಒಂದೇ ಸಲ, 2001ರ ಚಳಿಗಾಲದ ಕೊನೆಗೆ. ಆಗ ಅವನಿಗೆ ಎಂಬತ್ತೊಂದು. ಕುತುಬ್ ಮಿನಾರನ್ನು ಆಟೋದಲ್ಲಿ ಕೂತೇ ನೋಡಿ 'ಆತು, ನಡಿ' ಅಂದಿದ್ದ. ಕೆಂಪುಕೋಟೆಗೂ ಅಷ್ಟೇ ಮರ್ಯಾದೆ ಸಿಕ್ಕಿತು. ನಲವತ್ತು ವರ್ಷದ ಹತ್ತಿರ ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ದುಡಿದವನಿಗೆ ಚಾಣಕ್ಯಪುರಿಯ ರೈಲು ಮ್ಯೂಸಿಯಂ ತೋರಿಸಿದರೆ ಖುಷಿಯಾದೀತು ಎಂದು ನನಗೆ ಅನ್ನಿಸಿತು. ನಿಜ ಹೇಳಬೇಕೆಂದರೆ ಅವನ ಖುಷಿಯನ್ನು ನೋಡುವ ಆಸೆ ನನಗಿತ್ತು. ಕೈಯಲ್ಲಿ ಕ್ಯಾಮೆರಾನೂ ಇತ್ತು.

ಅಲ್ಲಿ 'ಫೇರಿ ಕ್ವೀನ್' ನಿಂತಿತ್ತು. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ಉಗಿ ಇಂಜಿನ್ನು. ನಿಯಮಿತವಾಗಿ ಓಡುತ್ತಿರುವ ಉಗಿ ಇಂಜಿನ್ನುಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದೆಂದು 1998ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದು. ತೂಕ 26 ಟನ್. ಎಳೆಯುವ ಗಾಲಿ ಒಂದೇ ಜೊತೆ, ಆದರೆ ಆ ಗಾಲಿ 6 ಅಡಿ ಎತ್ತರ. ಹಸಿರು ಬಣ್ಣ, ಮಿರಮಿರ ಮಿಂಚುವ ಹಿತ್ತಾಳೆ. ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರೆ ಅಜ್ಜ ಅದರ ಸುತ್ತ ಒಂದು ಸುತ್ತು ಬಂದ. 'ಆಟದ ಸಾಮಾನ ಇದ್ದಂಗ ಐತಿ' ಅಂದ. ಆಮೇಲೆ ಹಿಂಭಾಗಕ್ಕೆ ಹೋಗಿ, ಮೊಣಕಾಲು ಹಿಡಿದುಕೊಂಡು ಬಗ್ಗಿ, ಬೆಂಕಿಗೂಡಿನ ಬಾಗಿಲ ಕಡೆ ಬಹಳ ಹೊತ್ತು ನೋಡಿದ.

'ತಂಗಿ, ಇದು ಈಗೂ ಓಡತೈತಿ ಅಂದಿ. ಬೆಂಕಿ ಯಾರ್ ಹಾಕ್ತಾರ?'

ನನಗೆ ಗೊತ್ತಿರಲಿಲ್ಲ. ಫಲಕದಲ್ಲಿ ಹುಡುಕಿದೆ. ಇಂಜಿನ್ ಕಟ್ಟಿದವರ ಹೆಸರು, ವರ್ಷ, ಓಡಿದ ಊರುಗಳು ಇಂಥ ಫಲಕಗಳಲ್ಲಿ ಸಿಗುತ್ತವೆ. ಬೆಂಕಿ ಹಾಕಿದವರ ಹೆಸರು ಸಿಗುವುದಿಲ್ಲ. ಅಜ್ಜನಿಗೇನೂ ಬೇಜಾರಾದಂತೆ ಕಾಣಲಿಲ್ಲ, ಹೊರಗೆ ಬಂದು ಚಹಾ ಕುಡಿದ. ಆ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಫೇರಿ ಕ್ವೀನ್‌ನ ದುಡಿಮೆಯ ಕಥೆ ಅದರ ಮೈಬಣ್ಣದಷ್ಟು ಚೆಂದವಲ್ಲ. ಅದು ಕಲ್ಕತ್ತೆಗೆ ಬಂದಿಳಿದಾಗ ನಮ್ಮ ದೇಶದಲ್ಲಿ ರೈಲು ಶುರುವಾಗಿ ಎರಡೇ ವರ್ಷವಾಗಿತ್ತು. ಈಸ್ಟ್ ಇಂಡಿಯನ್ ರೈಲ್ವೆ ಕಂಪನಿ ಅದಕ್ಕೆ ಕೊಟ್ಟದ್ದು 22 ಎಂಬ ನಂಬರು ಮಾತ್ರ. 'ರಾಣಿ' ಎಂಬ ಹೆಸರು ಬಂದದ್ದು 1895ರಲ್ಲಿ, ಅಂದರೆ ನಲವತ್ತು ವರ್ಷ ಬರಿಯ ನಂಬರಾಗಿ ದುಡಿದ ಮೇಲೆ. ಹೌರಾದಿಂದ ಕಲ್ಲಿದ್ದಲಿನ ಸೀಮೆಯಾದ ರಾಣಿಗಂಜಿಗೆ ಟಪಾಲು ಗಾಡಿ ಎಳೆಯಿತು. 1857ರಲ್ಲಿ ದಂಗೆ ಹತ್ತಿಕ್ಕಲು ಹೊರಟ ಸೈನಿಕರನ್ನು ಎಳೆಯಿತು. ಈ ಒಂದು ಸಾಲನ್ನು ನಾವು ಬೇಗ ದಾಟಿ ಮುಂದೆ ಹೋಗುತ್ತೇವೆ. ರಾಷ್ಟ್ರೀಯ ಪರಂಪರೆ ಎಂದು ನಾವು ಹೂ ಮುಡಿಸುವ ಇಂಜಿನ್ನು, ಅದೇ ರಾಷ್ಟ್ರದ ಜನರನ್ನು ಬಗ್ಗುಬಡಿಯಲು ಹೋದವರನ್ನು ಹೊತ್ತುಕೊಂಡು ಹೋಗಿತ್ತು. ಇಂಜಿನ್ನಿನ ತಪ್ಪೇನಿಲ್ಲ, ಕಬ್ಬಿಣಕ್ಕೆ ಪಾಪ ಅಂಟುವುದಿಲ್ಲ. ಆದರೆ ಪಾಪ ಅಂಟುವುದಿಲ್ಲ ಎಂದಾದರೆ ಪುಣ್ಯವೂ ಅಂಟಬಾರದಲ್ಲ! ಹೆಮ್ಮೆಯನ್ನು ಮಾತ್ರ ಅಂಟಿಸಿಕೊಂಡು ಮಿಕ್ಕದ್ದನ್ನು ಒರೆಸಿಹಾಕುವುದು ಯಾವ ಲೆಕ್ಕ?

ಆಮೇಲೆ ಬಿಹಾರದಲ್ಲಿ ಹೊಸ ಹಳಿ ಹಾಕುವ ಕೆಲಸಕ್ಕೆ ಅದನ್ನು ಕಳಿಸಿದರು. ಅಲ್ಲಿ 1909ರವರೆಗೆ ದುಡಿದು, ಹೌರಾ ನಿಲ್ದಾಣದ ಹೊರಗೆ ಒಂದು ಕಟ್ಟೆಯ ಮೇಲೆ 34 ವರ್ಷ ನಿಂತಿತು. 1943ರಲ್ಲಿ ಉತ್ತರ ಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ ಹೋಯಿತು. ಎಪ್ಪತ್ತರ ದಶಕದಲ್ಲಿ ದೆಹಲಿಯ ಮ್ಯೂಸಿಯಂ ಸೇರಿತು. 1997ರಲ್ಲಿ ಮತ್ತೆ ಅದರ ಹೊಟ್ಟೆಗೆ ಬೆಂಕಿ ಬಿತ್ತು. ದೆಹಲಿ ಕಂಟೋನ್ಮೆಂಟಿನಿಂದ ರಾಜಸ್ಥಾನದ ಆಳ್ವಾರಿಗೆ, ಅಲ್ಲಿಂದ ಸರಿಸ್ಕಾ ಕಾಡಿಗೆ ಹೋಗುವ ಪ್ರವಾಸಿಗರನ್ನು ಕೂರಿಸಿಕೊಂಡು, ಗಂಟೆಗೆ 40 ಕಿಲೋಮೀಟರ್ ಮೀರದ ವೇಗದಲ್ಲಿ ಮುದುಕಿ ಓಡಿದಳು. 88 ವರ್ಷಗಳ ಬಿಡುವಿನ ನಂತರ.

ತತ್ತ್ವಶಾಸ್ತ್ರ ಶುರುವಾಗುವುದು 2011ರಲ್ಲಿ, ಕಳ್ಳರಿಂದ. ಆ ವರ್ಷ ಇಂಜಿನ್ನಿನ ಎಷ್ಟೋ ಬಿಡಿಭಾಗಗಳನ್ನು ಕಳ್ಳರು ಬಿಚ್ಚಿಕೊಂಡು ಹೋದರು. ಅದನ್ನು ಚೆನ್ನೈನ ಪೆರಂಬೂರಿನ ಲೋಕೋ ವರ್ಕ್ಸ್‌ಗೆ ಒಯ್ದು, ಕಳುವಾದದ್ದನ್ನೆಲ್ಲ ಹೊಸದಾಗಿ ಮಾಡಿ ಕೂರಿಸಿ, ಮತ್ತೆ ಓಡುವ ಹಾಗೆ ಮಾಡಿದರು. (ಪೆರಂಬೂರಿನವರ ಕೈಗುಣ ದೊಡ್ಡದು. ಫೇರಿ ಕ್ವೀನ್‌ನ ಓರಗೆಯದೇ ಆದ, ನಂಬರ್ 21ರ 'ಎಕ್ಸ್‌ಪ್ರೆಸ್' ಎಂಬ ಇಂಜಿನ್ನನ್ನೂ ಅವರೇ ಬದುಕಿಸಿದ್ದು. ಚೆನ್ನೈನ ಓದುಗರಲ್ಲಿ ಕೆಲವರು ಅದು ಓಡಿದ್ದನ್ನು ನೋಡಿರಬಹುದು.) ಹಾಗಾದರೆ ಈಗ ಇರುವುದು 1855ರ ಇಂಜಿನ್ನೇ?

ಗ್ರೀಕರ ಪ್ಲುಟಾರ್ಕ್ ಬರೆದಿರುವ ಹಡಗಿನ ಕಥೆ ನಿಮಗೆ ಗೊತ್ತಿರುತ್ತದೆ. ಅಥೆನ್ಸಿನವರು ಥೀಸಿಯಸ್ಸನ ಹಡಗನ್ನು ನೆನಪಿಗಾಗಿ ಇಟ್ಟುಕೊಂಡಿದ್ದರು. ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹೊಡೆಯುತ್ತ ಹೋದರು. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೋ, ಬೇರೆಯದೋ? ಹದಿನೇಳನೆಯ ಶತಮಾನದ ಹಾಬ್ಸ್ ಇದಕ್ಕೊಂದು ಕಿತಾಪತಿ ಸೇರಿಸಿದ: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟುಕೊಂಡು, ಮೊದಲಿನ ಕ್ರಮದಲ್ಲೇ ಇನ್ನೊಂದು ಹಡಗು ಕಟ್ಟಿದರೆ ಯಾವುದು ಅಸಲಿ? ಫೇರಿ ಕ್ವೀನ್‌ನ ವಿಷಯದಲ್ಲಿ ಇದು ತಮಾಷೆಯಾಗಿಯೂ ಖೇದವಾಗಿಯೂ ನಿಜ. ಆ ಹಳೆಯ ಭಾಗಗಳು ಯಾವುದೋ ಗುಜರಿಯಲ್ಲಿ ಕರಗಿ, ಇವತ್ತು ಯಾರದೋ ಬಾಲ್ಕನಿಯ ಸರಳಾಗಿರಲೂಬಹುದು. ನಮ್ಮ ಕಡೆಯ ಮಿಲಿಂದ ಪ್ರಶ್ನೆಯಲ್ಲಿ ಭಿಕ್ಷು ನಾಗಸೇನ ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು, ಅಚ್ಚೋ, ಗಾಲಿಯೋ, ನೊಗವೋ? ಯಾವುದೂ ಅಲ್ಲ, ಎಲ್ಲ ಸೇರಿದ್ದಕ್ಕೆ ರಥ ಎಂಬ ಹೆಸರು, ಅಷ್ಟೇ. ಹೀಗೆ ನೋಡಿದರೆ ಫೇರಿ ಕ್ವೀನ್ ಎಂಬುದೂ ಒಂದು ವಾಡಿಕೆ.

ಕಾಲೇಜಿನಲ್ಲಿ ಇಂಥ ಪ್ರಶ್ನೆಗಳು ನನಗೆ ಬಹಳ ಇಷ್ಟವಾಗಿದ್ದವು. ಈಗ ಅಷ್ಟಿಲ್ಲ. ಕಾರಣ, ಶೆಡ್ಡಿನಲ್ಲಿ ದುಡಿದವರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ದೊಡ್ಡ ದುರಸ್ತಿಗೆಂದು ಇಂಜಿನ್ನು ವರ್ಕ್‌ಶಾಪಿಗೆ ಹೋದರೆ ಅದೇ ಬಾಯ್ಲರಿನೊಂದಿಗೆ ವಾಪಸ್ಸು ಬರಬೇಕೆಂದೇನೂ ಇರಲಿಲ್ಲ. ಬಾಯ್ಲರ್ ರಿಪೇರಿಗೆ ಹೆಚ್ಚು ದಿನ ಹಿಡಿಯುತ್ತದೆ, ಅದಕ್ಕೆ ಕಾದು ಇಂಜಿನ್ನನ್ನು ನಿಲ್ಲಿಸಿಕೊಂಡರೆ ನಷ್ಟ. ಹಾಗಾಗಿ ಸಿದ್ಧವಾಗಿದ್ದ ಬೇರೆ ಬಾಯ್ಲರನ್ನು ಕೂರಿಸಿ ಕಳಿಸುತ್ತಿದ್ದರು. ಬಾಯ್ಲರಿನೊಳಗಿನ ಕೊಳವೆಗಳಂತೂ ಸವೆದಂತೆಲ್ಲ ಬದಲಾಗುತ್ತಲೇ ಇರಬೇಕು. ಇಂಗ್ಲೆಂಡಿನ ಮ್ಯೂಸಿಯಂನಲ್ಲಿರುವ 1829ರ ಪ್ರಸಿದ್ಧ 'ರಾಕೆಟ್' ಕೂಡ, ಸ್ಪರ್ಧೆ ಗೆದ್ದ ದಿನ ಇದ್ದಂತೆ ಈಗಿಲ್ಲ. ಅದರ ದುಡಿಮೆಯ ಮೊದಲ ಕೆಲವು ವರ್ಷಗಳಲ್ಲೇ ಸಿಲಿಂಡರುಗಳನ್ನು ಕೆಳಗಿಳಿಸಿ ಹೆಚ್ಚುಕಡಿಮೆ ಮಲಗಿಸಿಬಿಟ್ಟಿದ್ದರು. ಅಜ್ಜ ಶೆಡ್ಡು ಸೇರಿದಾಗ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಅವನು ಕೂತಲ್ಲೇ ಇದ್ದ. ರೈಲ್ವೆ ಮಾತ್ರ 1951ರಲ್ಲಿ ದಕ್ಷಿಣ ರೈಲ್ವೆಯಾಯಿತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಯಾಯಿತು. 'ಹೆಸರ ಬದ್ಲಾದ್ರ ಏನ್ ಬಂತು, ಸಲಿಕಿ ಬದ್ಲಾಗಲಿಲ್ಲಲ್ಲ' ಅನ್ನುತ್ತಿದ್ದ.

ಆ ಸಲಿಕೆಯ ವಿಷಯ ಸ್ವಲ್ಪ ಹೇಳಬೇಕು. ಯಾಕೆಂದರೆ ಸಂರಕ್ಷಣೆ ಎಂಬ ಮಾತಿನಲ್ಲಿ ಏನು ಸಿಗುತ್ತದೆ, ಏನು ಜಾರಿಹೋಗುತ್ತದೆ ಎಂಬುದು ಅದರಲ್ಲಿದೆ.

ಫೈರ್‌ಮನ್ ಎಂದರೆ ಇದ್ದಿಲು ಎತ್ತಿಹಾಕುವ ಆಳು ಎಂದು ನಾನು ತುಂಬಾ ದಿನ ತಿಳಿದಿದ್ದೆ. ಮೀಟರ್ ಗೇಜಿನ ವೈಪಿ, ವೈಜಿ ಇಂಜಿನ್ನುಗಳ ಬೆಂಕಿಗೂಡು ಒಂದು ಸಣ್ಣ ಕೋಣೆಯಷ್ಟಿರುತ್ತದೆ. ಕಲ್ಲಿದ್ದಲನ್ನು ಸುಮ್ಮನೆ ಸುರಿದರೆ ಕಪ್ಪು ಹೊಗೆ ಬರುತ್ತದೆ, ಹೊಗೆ ಎಂದರೆ ಉರಿಯದೆ ಹೊರಟುಹೋದ ಇದ್ದಿಲು. ಹಿಂದಿನ ಎರಡು ಮೂಲೆಗೆ ಹೆಚ್ಚು, ನಡುವೆ ತೆಳ್ಳಗೆ, ಸ್ವಲ್ಪಸ್ವಲ್ಪವೇ, ಮೇಲಿಂದ ಮೇಲೆ ಹಾಕಬೇಕು. ಓಡುವ ಇಂಜಿನ್ನು ಅಡಿಯಿಂದ ಮುಡಿಯವರೆಗೆ ಅಲುಗುತ್ತಿರುವಾಗ, ಒಂದು ಕಾಲು ಇಂಜಿನ್ನಿನ ಕಡೆ, ಒಂದು ಕಾಲು ಟೆಂಡರಿನ ಕಡೆ ಇಟ್ಟುಕೊಂಡು, ಹತ್ತಡಿ ದೂರದ ಮೂಲೆಗೆ ಗುರಿಯಿಟ್ಟು ಎಸೆಯಬೇಕು. ಬೆಂಕಿ ಬೆಳ್ಳಗೆ ಕಾದಿರುವಾಗ ಕಣ್ಣು ಕೋರೈಸಿ ಒಳಗೇನೂ ಕಾಣುವುದಿಲ್ಲ. ಆಗ ಸಲಿಕೆಯನ್ನು ಬೋರಲು ಮಾಡಿ ಬಾಗಿಲೊಳಗೆ ಚಾಚುತ್ತಾರೆ. ಒಳನುಗ್ಗುವ ಗಾಳಿ ಅದಕ್ಕೆ ಬಡಿದು ದಿಕ್ಕು ಬದಲಿಸಿ ಜ್ವಾಲೆಯನ್ನು ಪಕ್ಕಕ್ಕೆ ಸರಿಸುತ್ತದೆ, ಎಲ್ಲಿ ಬೆಂಕಿ ತೂತು ಬಿದ್ದಿದೆ ಎಂದು ಆ ಕ್ಷಣ ಕಾಣುತ್ತದೆ. ಇದನ್ನು ಅಜ್ಜ ಊಟದ ತಾಟು ಬೋರಲು ಮಾಡಿ ನನಗೆ ತೋರಿಸಿಕೊಟ್ಟಿದ್ದ.

ಬೆಂಕಿಗಿಂತ ದೊಡ್ಡ ಚಿಂತೆ ನೀರು. ಬೆಂಕಿಗೂಡಿನ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಇಳಿದು ನೆತ್ತಿಯ ತಗಡು ಬರಿದಾದರೆ ಅದು ಮೆತ್ತಗಾಗಿ, ಉಗಿಯ ಒತ್ತಡಕ್ಕೆ ಸೋತು ಬಾಯ್ಲರೇ ಸಿಡಿಯಬಹುದು. ಅದಕ್ಕೇ ನೆತ್ತಿಯಲ್ಲಿ ಸೀಸ ತುಂಬಿದ ಒಂದು ಪ್ಲಗ್ಗು ಇರುತ್ತದೆ. ನೀರಿಳಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ಬೀಳುತ್ತದೆ. ಅಜ್ಜ ಕೆಲವು ವರ್ಷ ಕ್ಯಾಸಲ್‌ರಾಕ್‌ನಲ್ಲಿದ್ದ. ಗೋವಾ ಕಡೆಯ ಕುಳೆಂನಿಂದ ಘಟ್ಟ ಹತ್ತಿ ಬರುವ ದಾರಿ ಅದು, 37 ಅಡಿ ಹೋದರೆ ಒಂದಡಿ ಏರು. ಏರುವಾಗ ನೀರೆಲ್ಲ ಬಾಯ್ಲರಿನ ಹಿಂಭಾಗಕ್ಕೆ ಬಂದು ಗಾಜಿನ ಕೊಳವೆಯಲ್ಲಿ ಮಟ್ಟ ಹೆಚ್ಚಾಗಿ ಕಾಣುತ್ತದೆ. ಏರು ಮುಗಿದು ಇಳುಕಲಿಗೆ ಮೂಗು ಬಾಗಿದ ಕೂಡಲೇ ಅದೇ ನೀರು ಮುಂದಕ್ಕೋಡಿ ನೆತ್ತಿ ಒಣಗುತ್ತದೆ. ಕಣ್ಣಿಗೆ ಕಂಡದ್ದನ್ನು ನಂಬಿದವನು ಕೆಟ್ಟ. ಏರಿನಲ್ಲಿರುವಾಗಲೇ ಇಳುಕಲಿನ ಲೆಕ್ಕ ಹಾಕಿ ನೀರು ತುಂಬಿಕೊಳ್ಳಬೇಕು, ಹಾಗೆಂದು ತಣ್ಣೀರು ಹೆಚ್ಚಾಗಿ ಬಿಟ್ಟರೆ ಉಗಿ ಇಳಿದು ಗಾಡಿ ಸುರಂಗದ ನಡುವೆಯೇ ನಿಲ್ಲುತ್ತದೆ. ಸುರಂಗದೊಳಗೆ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರುತ್ತಿದ್ದರಂತೆ.

ಈ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇರಲಿಲ್ಲವೆಂದು ಹೇಳಲಾರೆ, ರೈಲ್ವೆಯವರ ಕೈಪಿಡಿಗಳಿದ್ದವು. ಆದರೆ ಕ್ಲೀನರ್ ಆಗಿ ಸೇರಿದ ಹುಡುಗ ಎರಡನೇ ಫೈರ್‌ಮನ್, ಮೊದಲನೇ ಫೈರ್‌ಮನ್, ಶಂಟರ್ ಆಗುವ ಹೊತ್ತಿಗೆ ಅದು ಅವನ ಭುಜಕ್ಕೆ, ಕಿವಿಗೆ, ಅಂಗಾಲಿಗೆ ಇಳಿದಿರುತ್ತಿತ್ತು. ಜೊತೆಗೆ ಬೇರೆಯದೂ ಇಳಿದಿರುತ್ತಿತ್ತು. ಅಜ್ಜನ ಬಲ ಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಎಡಗಿವಿ ಪೂರ್ತಿ ಮಂದ. ಮುಂಗೈಯಲ್ಲಿ ಕೂದಲು ಮತ್ತೆ ಹುಟ್ಟದ ನುಣುಪಾದ ಜಾಗಗಳಿದ್ದವು, ಸಣ್ಣವಳಿದ್ದಾಗ ನಾನು ಅದರ ಮೇಲೆ ಬೆರಳಾಡಿಸುತ್ತ ಮಲಗುತ್ತಿದ್ದೆ.

ಅವತ್ತು ಮ್ಯೂಸಿಯಂನಿಂದ ಮನೆಗೆ ಬಂದ ಮೇಲೆ ರಾತ್ರಿ ಊಟಕ್ಕೆ ಕೂತಾಗ ನಾನೇ ಮತ್ತೆ ಕೆದಕಿದೆ. ಇಷ್ಟು ಹಳೆಯ ಇಂಜಿನ್ನನ್ನು ಈಗಲೂ ಓಡಿಸುತ್ತಾರಲ್ಲ, ಒಳ್ಳೆಯದಲ್ಲವಾ ಅಜ್ಜ? ಅವನು ರೊಟ್ಟಿ ಮುರಿಯುತ್ತ ಹೇಳಿದ: 'ಬೇಕಾದಾಗ ಮಾಡೂದು ಕೆಲಸ. ಬ್ಯಾಡಾದ ಮ್ಯಾಲೆ ಮಾಡ್ಸೂದು ಸರ್ಕಸ್.'

ನನಗೆ ಸಿಟ್ಟು ಬಂತು. ನಿನ್ನ ಕೆಲಸದ ಗೌರವಕ್ಕೇ ಅಲ್ಲವೇ ಇದನ್ನೆಲ್ಲ ಉಳಿಸುವುದು ಅಂದೆ. ಅಜ್ಜ ನಕ್ಕ. 'ಗೌರವ ಇಂಜಿನ್ನಿಗೆ ತಂಗಿ. ಸೆಕೆ ಅಂವಗ.'

ಅವನ ಮಾತು ಎಷ್ಟು ಸರಿ ಎಂದು ಈ ಇಪ್ಪತ್ತು ಚಿಲ್ಲರೆ ವರ್ಷ ನಾನು ತೂಗಿ ನೋಡಿದ್ದೇನೆ. ಬ್ರಾಡ್‌ಗೇಜಿನಲ್ಲಿ ಉಗಿಯ ಕಾಲ 1995ಕ್ಕೇ ಮುಗಿದಿದೆ. ಇವತ್ತು ಒಬ್ಬ ಮನುಷ್ಯ ಬೆಂಕಿಗೂಡಿನ ಮುಂದೆ ಬೇಯುವುದರಿಂದ ಯಾರ ಟಪಾಲೂ ತಲುಪುವುದಿಲ್ಲ, ಯಾರೂ ಊರು ಸೇರುವುದಿಲ್ಲ. ಕಿಟಕಿಯ ಪಕ್ಕ ಕೂತವರಿಗೆ ಹಿಂದಿನ ಕಾಲದ ಒಂದು ಮಧುರ ಭಾವನೆ ಬರಲಿ ಎಂದು, ಒಬ್ಬನ ಮುಂಗೈ ಸುಡಬಹುದೇ? ನೃತ್ಯಗಾತಿಯ ಕಾಲಿಗೂ ನೋವಾಗುತ್ತದೆ, ಕ್ರಿಕೆಟಿಗನ ಬೆರಳೂ ಮುರಿಯುತ್ತದೆ ಎಂದು ವಾದಿಸಬಹುದು. ಆದರೆ ಅಲ್ಲಿ ನಾವು ನೋಡುವುದು ಅವರನ್ನು. ಇಲ್ಲಿ ನೋಡುವುದು ಹೊಗೆಯನ್ನು. ಈ ವ್ಯತ್ಯಾಸ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಎರಡು ಚಳಿಗಾಲದ ಹಿಂದೆ ರೇವಾಡಿಗೆ ಹೋಗಿದ್ದೆ. ಗುರುಗ್ರಾಮದ ನನ್ನ ಆಫೀಸಿನಿಂದ ಒಂದೂವರೆ ಗಂಟೆಯ ದಾರಿ. 1893ರಲ್ಲಿ ಕಟ್ಟಿದ ಅಲ್ಲಿಯ ಉಗಿ ಶೆಡ್ಡು ಈಗ ಪರಂಪರೆಯ ಮ್ಯೂಸಿಯಂ, ಹಿಂದಿ ಸಿನಿಮಾಗಳಲ್ಲಿ ನೀವು ನೋಡಿರುವ ಹೊಗೆಬಂಡಿಗಳಲ್ಲಿ ಕೆಲವು ಇಲ್ಲಿಯವೇ. ಫೇರಿ ಕ್ವೀನ್ ಕೂಡ ಈಗ ಇಲ್ಲಿಗೇ ಸೇರಿದೆ. ಅಜ್ಜನ ಕಾಲದ ಮೀಟರ್ ಗೇಜ್ ಇಂಜಿನ್ನುಗಳೂ ಇವೆ, ಅವುಗಳ ಹತ್ತಿರ ಬಿಸಿ ಎಣ್ಣೆಯ ವಾಸನೆ ಬಂದಾಗ ನನಗೆ ಅಜ್ಜನ ಮನೆಯ ನಡುಮನೆಯಲ್ಲಿ ನಿಂತಂತಾಯಿತು. ನಾನು ಹೋದ ದಿನ ಒಂದು ಇಂಜಿನ್ನಿಗೆ ಬೆಂಕಿ ಹೊತ್ತಿಸಿದ್ದರು. ತಣ್ಣಗಿನ ಬಾಯ್ಲರಿಗೆ ಉಗಿ ಬರಿಸುವುದು ಗಂಟೆಗಟ್ಟಲೆಯ ಕೆಲಸ, ಅವಸರ ಮಾಡಿದರೆ ತಗಡು ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಬೆಸುಗೆ ಬಿಡುತ್ತದೆ. ಮೂವತ್ತರ ಆಸುಪಾಸಿನ ಹುಡುಗನೊಬ್ಬ ಸಲಿಕೆ ಹಿಡಿದಿದ್ದ. ಅಜ್ಜನ ಪ್ರಶ್ನೆಗೆ ಉತ್ತರ ಇವನೇ ಎಂದು ಅಲ್ಲೇ ನಿಂತೆ.

ಈ ಕೆಲಸ ಕಷ್ಟವಲ್ಲವೇ ಎಂದು ಕೇಳಿದೆ. ಕಷ್ಟ ಎಂದ. ಡೀಸೆಲ್ ಶೆಡ್ಡಿಗೋ ವಿದ್ಯುತ್ ಶೆಡ್ಡಿಗೋ ವರ್ಗ ಕೇಳಬಹುದಲ್ಲ? ಕೇಳಬಹುದು. ಮತ್ತೆ? ಅವನು ಸ್ವಲ್ಪ ಯೋಚಿಸಿ, ಅಲ್ಲಿ ನಾನು ಬಾರದಿದ್ದರೆ ಇನ್ನೊಬ್ಬ ಬರುತ್ತಾನೆ, ಇಲ್ಲಿ ನಾನು ಬಾರದಿದ್ದರೆ ಇದು ಏಳುವುದಿಲ್ಲ ಎಂದ. ನಿವೃತ್ತನಾದ ಒಬ್ಬ ಮುದುಕ ಡ್ರೈವರ್ ವರ್ಷಗಟ್ಟಲೆ ಬೈದು ಬೈದು ಕಲಿಸಿದನಂತೆ. ಮಾತಾಡುತ್ತಲೇ ಅವನು ಬೆಂಕಿಗೂಡಿನ ಬಾಗಿಲು ತೆಗೆದ, ಸಲಿಕೆಯನ್ನು ಬೋರಲು ಮಾಡಿ ಒಳಗೆ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದ.

ಊಟದ ತಾಟು ನೆನಪಾಗಿ ನನಗೆ ಮಾತು ಹೊರಡಲಿಲ್ಲ. ಹುಬ್ಬಳ್ಳಿಯ ಒಬ್ಬ ಮುದುಕನ ಮಣಿಕಟ್ಟಿನ ತಿರುವು ಹರಿಯಾಣದ ಹುಡುಗನ ಮಣಿಕಟ್ಟಿನಲ್ಲಿತ್ತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಅಜ್ಜ ಇದ್ದಿದ್ದರೆ ಇದನ್ನೂ ಸರ್ಕಸ್ ಅನ್ನುತ್ತಿದ್ದನೇ? ಅನ್ನುತ್ತಿದ್ದ, ಖಂಡಿತ. ಅಂದು, ಆಮೇಲೆ ಆ ಹುಡುಗನಿಗೆ ಎಡ ಮೂಲೆಯಲ್ಲಿ ತೆಳುವಾಗಿದೆ ನೋಡು ಎಂದೂ ಹೇಳುತ್ತಿದ್ದ.

ಇಲ್ಲಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಒಪ್ಪದವರು ಬಹಳ ಮಂದಿ ಇರುತ್ತಾರೆಂದು ಗೊತ್ತಿದೆ. ಫೇರಿ ಕ್ವೀನ್‌ನ್ನು ಇನ್ನು ಓಡಿಸಬಾರದು. ಸ್ಥಾವರ, ಜಂಗಮ ಎಂದು ನೀವು ಬಸವಣ್ಣನವರನ್ನು ಕರೆತರುವ ಮೊದಲೇ ಹೇಳುತ್ತೇನೆ, ಉಗಿ ಇಂಜಿನ್ನಿನ ಲೋಕದಲ್ಲಿ ಅಳಿವು ಬೇಗ ಬರುವುದು ಜಂಗಮಕ್ಕೇ. ಓಡಿದಷ್ಟೂ ಅದು ಸವೆಯುತ್ತದೆ, ಸವೆದಷ್ಟೂ ಬದಲಾಗುತ್ತದೆ. ಅದರಲ್ಲಿ 1855ರ ಲೋಹ ಎಷ್ಟು ಉಳಿದಿದೆಯೋ ಅಷ್ಟು ಅಲ್ಲಾಡದೆ ಇರಲಿ. ಸುತ್ತಿಗೆಯ ಏಟು, ಹಳೆಯ ಮೊಳೆಯ ತಲೆ, ಯಾರೋ ಬಂಗಾಳದ ಫಿಟ್ಟರ್ ಅವಸರಕ್ಕೆ ಮಾಡಿದ ತೇಪೆ, ಇವು ಬೇರೆಲ್ಲೂ ಬರೆದಿಡದ ಮಾತುಗಳು. ಬ್ರಿಟಿಷರು ರಾಕೆಟ್ಟಿಗೆ ಮಾಡಿದ್ದು ಇದನ್ನೇ. ಹಳೆಯದನ್ನು ದುಡಿದು ಬಿದ್ದ ಸ್ಥಿತಿಯಲ್ಲೇ ಬಿಟ್ಟು, ಓಡಿಸುವುದಕ್ಕೆ 1979ರಲ್ಲಿ ಹೊಸದೊಂದು ಪ್ರತಿ ಕಟ್ಟಿಕೊಂಡರು.

ಆದರೆ ಬೆಂಕಿ ಆರಬಾರದು. ಎಪ್ಪತ್ತು ವರ್ಷ ಹಿಂದಿನ, ಒಂದೇ ಮಾದರಿಯಲ್ಲಿ ನೂರಾರು ತಯಾರಾದ ಇಂಜಿನ್ನುಗಳು ರೇವಾಡಿಯಲ್ಲಿವೆ. ಅವುಗಳ ಕೊಳವೆ ಬದಲಾದರೆ ಇತಿಹಾಸಕ್ಕೇನೂ ನಷ್ಟವಿಲ್ಲ, ಅವು ಹುಟ್ಟಿದ್ದೇ ಬದಲಾಗುವುದಕ್ಕೆ. ಅವುಗಳನ್ನು ಉರಿಸಬೇಕು, ಸಲಿಕೆ ಹಿಡಿದವನಿಗೆ ಕೈತುಂಬ ಸಂಬಳ ಕೊಡಬೇಕು, ಅವನ ಕೈಕೆಳಗೆ ಇಬ್ಬರು ಹುಡುಗರನ್ನು ಕಲಿಯಲು ಹಾಕಬೇಕು. ಗಾಡಿ ಹೊರಡುವ ಮೊದಲು ವಿಮಾನದಲ್ಲಿ ಕ್ಯಾಪ್ಟನ್ ಹೆಸರು ಹೇಳುತ್ತಾರಲ್ಲ, ಹಾಗೆ ಅವನ ಹೆಸರು ಹೇಳಬೇಕು. ಇದರಿಂದ ಸರ್ಕಸ್ಸು ಸರ್ಕಸ್ಸಾಗಿ ಉಳಿಯುವುದಿಲ್ಲವೇ ಎಂದರೆ, ಪೂರ್ತಿ ಖಾತ್ರಿಯಿಲ್ಲ. ನೋಡುವವರು ಹೊಗೆಯ ಫೋಟೋನೇ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಂಡೆ.

ಇಷ್ಟು ಖಡಾಖಂಡಿತವಾಗಿ ಮಾತಾಡುವ ಹಕ್ಕು ನನಗಿದೆಯೇ ಎಂಬ ಪ್ರಶ್ನೆ ಬಂದಾಗ ಅಜ್ಜನ ಬುತ್ತಿ ಡಬ್ಬಿ ಕಣ್ಣೆದುರು ಬರುತ್ತದೆ.

ಅಜ್ಜ ತೀರಿಕೊಂಡದ್ದು 2004ರಲ್ಲಿ. ಅವ್ವ ಅವನ ಹಿತ್ತಾಳೆಯ ಡಬ್ಬಿಯನ್ನು ನನಗೆ ಕೊಟ್ಟಳು. ಎರಡು ರೊಟ್ಟಿ ಮಡಚಿಟ್ಟು, ಒಂದು ಪಲ್ಯ, ಒಂದಿಷ್ಟು ಶೇಂಗಾಚಟ್ನಿ ಹಿಡಿಯುವಷ್ಟು ಡಬ್ಬಿ. ಡ್ಯೂಟಿಯಲ್ಲಿ ಅದನ್ನು ಬೆಂಕಿಗೂಡಿನ ಬಾಗಿಲ ಮೇಲಿನ ಹಲಗೆಯಲ್ಲಿ ಇಡುತ್ತಿದ್ದ, ಉಣ್ಣುವ ಹೊತ್ತಿಗೆ ಬಿಸಿಯಾಗಿರುತ್ತಿತ್ತು. ವರ್ಷಾನುಗಟ್ಟಲೆ ಹೀಗೆ ಇಟ್ಟೂ ಇಟ್ಟೂ ಅದರ ತಳ ಕಪ್ಪಗೆ, ದೋಸೆಹಂಚಿನ ತಳದ ಹಾಗೆ ಮಸಿ ಗಟ್ಟಿಯಾಗಿ ಕೂತಿತ್ತು. ನಾನು ಅದನ್ನು ದೆಹಲಿಗೆ ತಂದೆ. ನಮ್ಮಂಥವರ ಮನೆಗಳಲ್ಲಿ ಇಂಥದ್ದೊಂದು ಇರುತ್ತದಲ್ಲ, ಸೇರೋ, ಒನಕೆಯೋ, ಬೀಸುಕಲ್ಲಿನ ಗೂಟವೋ. ಶೋಕೇಸಿನಲ್ಲಿಡುವ ಮೊದಲು ಚೆನ್ನಾಗಿ ಕಾಣಲಿ ಎಂದು ಚಾವಡಿ ಬಜಾರಿನ ಹಿತ್ತಾಳೆ ಅಂಗಡಿಯೊಂದಕ್ಕೆ ಪಾಲಿಶ್ ಮಾಡಲು ಕೊಟ್ಟೆ. ಮೂರು ದಿನದ ನಂತರ ಬಂಗಾರದ ಹಾಗೆ ಹೊಳೆಯುವ ಡಬ್ಬಿ ಕೈಗೆ ಬಂತು. ತಿರುಗಿಸಿ ನೋಡಿದರೆ ತಳವೂ ಬಂಗಾರ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. 'ತಳಾನೂ ತಿಕ್ಕಿಸಿಬಿಟ್ಟೇನ?' ಎಂದಷ್ಟೇ ಕೇಳಿದಳು. ಆಮೇಲೆ, ಹೋಗ್ಲಿ ಬಿಡು, ಶೋಕೇಸಿನಾಗ ಇಟ್ಟು ಏನ್ ಮಾಡ್ತಿ, ಕಲಾಯಿ ಹಾಕಿಸಿ ಉಣ್ಣಾಕ ತಗೊಂಡು ಹೋಗು ಎಂದಳು.

ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬುತ್ತದೆ, ಪುಂಡಿಪಲ್ಯವಂತೂ ಕೇಳುವುದೇ ಬೇಡ. ಒಳಗೆ ತವರದ ಕಲಾಯಿ ಬೇಕೇ ಬೇಕು. ಅದು ಉಂಡಷ್ಟೂ ಸವೆಯುತ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಹಾಕಿಸಬೇಕು. ಅಜ್ಜ ದುಡಿದ ಅಷ್ಟು ವರ್ಷಗಳಲ್ಲಿ ಅಜ್ಜಿ ಎಷ್ಟು ಸಲ ಹಾಕಿಸಿದ್ದಳೋ. ಹಾಗಾಗಿ ಒಳಗಿನದು ಅಜ್ಜನದೆಂದು ನಾನು ಯಾವತ್ತೂ ಭ್ರಮಿಸಲಿಲ್ಲ. ಹೊರಗಿನ ಮಸಿ ಮಾತ್ರ ಅವನದಾಗಿತ್ತು.

ಆವತ್ತಿನಿಂದ ಅದನ್ನೇ ಆಫೀಸಿಗೆ ಒಯ್ಯುತ್ತೇನೆ. ಕ್ಯಾಂಟೀನಿನ ಮೈಕ್ರೋವೇವಿನಲ್ಲಿ ಅದನ್ನು ಇಡುವ ಹಾಗಿಲ್ಲ, ತಣ್ಣಗೇ ಉಣ್ಣುತ್ತೇನೆ. ಹೋದ ತಿಂಗಳು ಕಲಾಯಿ ಸವೆದು ಒಳಗೆ ಹಳದಿ ಕಾಣತೊಡಗಿತ್ತು. ನಮ್ಮ ಕಾಲೊನಿಯ ಹಿಂದಿನ ಗಲ್ಲಿಗೆ ಈಗಲೂ ಒಬ್ಬ ಕಲಾಯಿಯವನು ಬರುತ್ತಾನೆ. ನೆಲದಲ್ಲಿ ಗುಂಡಿ ತೋಡಿ ತಿದಿ ಹೂಡಿ, ನವಸಾಗರದ ಹೊಗೆಯೆಬ್ಬಿಸುವ ಮುದುಕ. ಡಬ್ಬಿ ಕೊಟ್ಟು, ಒಳಗೆ ಮಾತ್ರ ಹಾಕಿ, ಹೊರಗೆ ಮುಟ್ಟಬೇಡಿ ಎಂದೆ.

ಹೊರಗೆ ಅಂಥದ್ದೇನಿದೆ ಎಂದು ಅವನು ಡಬ್ಬಿಯನ್ನು ಬೋರಲು ಮಾಡಿ, ಬಿಸಿಲಿಗೆ ಹಿಡಿದು ನೋಡಿದ. ಏನೂ ಇರಲಿಲ್ಲ.